ಪಪ್ಪನ ಹೆದರಿಕೆ, ಹಮ್ರಿಯಾದ ಮನೆ

ಮಸ್ಕತ್ತಿನ ಹಮ್ರಿಯಾದಲ್ಲಿ, ಮೊದಲ ಮಹಡಿಯಲ್ಲಿದ್ದ ನಮ್ಮ ಮನೆಯ ಬಾಗಿಲು ದಾಟಿ ಒಳಗೆ ಬಂದವರ ಕಣ್ಣಿಗೆ ಮೊದಲು ಬೀಳುತ್ತಿದ್ದುದು ದೇವರ ಪಟವಲ್ಲ, ಎಡಗೋಡೆಯ ಮೇಲಿದ್ದ ಬೂದು ಬಣ್ಣದ ತಗಡಿನ ಡಬ್ಬಿ. ಪಪ್ಪ ಅದನ್ನು ಡಿ.ಬಿ. ಎನ್ನುತ್ತಿದ್ದರು. ಮಹಡಿಮೆಟ್ಟಿಲ ಬುಡದಲ್ಲಿದ್ದ ದೊಡ್ಡ ಪೆಟ್ಟಿಗೆಯಿಂದ ಹೊರಟ ಕರೆಂಟು ಈ ಡಬ್ಬಿಗೆ ಬಂದು, ಇಲ್ಲಿ ಕವಲೊಡೆದು, ಅಡುಗೆಮನೆಗೆ, ಮಲಗುವ ಕೋಣೆಯ ಎ.ಸಿ.ಗೆ, ಬಚ್ಚಲಿನ ಗೀಸರಿಗೆ ಹೋಗುತ್ತಿತ್ತು. ಮನೆಯೆಂದರೆ ಅಮ್ಮ ಚಾವಡಿ ಎಂದು ಕರೆಯುತ್ತಿದ್ದ ಒಂದು ಸಣ್ಣ ಜಾಗ, ಅದರಾಚೆ ಒಂದು ಕೋಣೆ, ಇಬ್ಬರು ನಿಂತರೆ ಮೂರನೆಯವರು ಹೊರಗೇ ನಿಲ್ಲಬೇಕಾದ ಅಡುಗೆಮನೆ. ಮಂಚದ ಕೆಳಗೆ ಪೆಟ್ಟಿಗೆಗಳು, ಕಪಾಟಿನ ಮೇಲೆ ಪೆಟ್ಟಿಗೆಗಳು. ಊರಿಗೆ ಹೋಗುವಾಗ ಒಯ್ಯಲೆಂದು ತಂದಿಟ್ಟ ಕಂಬಳಿಗಳು ಬಾಗಿಲ ಹಿಂದೆ. ಅಂಥ ಮನೆಯಲ್ಲಿ ಡಿ.ಬಿ.ಯ ಕೆಳಗಿನ ಮೂಲೆ ಮಾತ್ರ ಯಾವಾಗಲೂ ಖಾಲಿ ಇರುತ್ತಿತ್ತು. ಮತ್ರಾದ ಅಂಗಡಿಯಿಂದ ಕುಚ್ಚಲಕ್ಕಿಯ ಗೋಣಿ ಬಂದಾಗಲೆಲ್ಲ ಅಮ್ಮ ಅದನ್ನು ಎಳೆದು ಆ ಮೂಲೆಯಲ್ಲಿ ಇಡುವುದು, ಸಂಜೆ ರುಸೈಲಿನ ಕೆಲಸದಿಂದ ಬಂದ ಪಪ್ಪ ಚಪ್ಪಲಿ ಕಳಚುವ ಮೊದಲೇ ಅದನ್ನು ಎಳೆದು ಅಡುಗೆಮನೆಗೆ ತಂದು ಹಾಕುವುದು, ಆಮೇಲೆ ಇಬ್ಬರಿಗೂ ಮಾತಿಗೆ ಮಾತು. ಮನೆಯ ಮಾತು ತುಳು. ನೆನಪಿನಲ್ಲಿ ಅದು ಈಗ ನನಗೆ ಕನ್ನಡವಾಗಿಯೇ ಕೇಳುತ್ತದೆ.

"ಅಕ್ಕಿ ಗೋಣಿಗೂ ಕರೆಂಟಿಗೂ ಎಂತ ಸಂಬಂಧ ಮಾರಾಯ್ರೆ? ಅದು ಮೇಲೆ ಉಂಟು, ಇದು ನೆಲದಲ್ಲಿ ಉಂಟು."

"ಸುಮತಿ, ಅಲ್ಲಿ ಏನೂ ಇಡ್ಬಾರ್ದು. ಒಂದು ಜೋಡಿ ಚಪ್ಪಲಿ ಸಹ ಬೇಡ."

"ಕಾರಣ ಹೇಳಿ. ನಾನೇನು ಮಗುವಾ?"

ಪಪ್ಪ ಕಾರಣ ಹೇಳುತ್ತಿರಲಿಲ್ಲ. ಕೈಕಾಲು ತೊಳೆದು, ಬನಿಯನ್ನು ಹಾಕಿಕೊಂಡು, ಆ ಖಾಲಿ ಮೂಲೆಗೆ ಎದುರಾಗಿ ಕೂತು ಚಹಾ ಕುಡಿಯುತ್ತಿದ್ದರು. ಅದನ್ನು ಕಾಯಲೆಂದೇ ಯಾರೋ ನೇಮಿಸಿದ ಹಾಗೆ.

ಅವರು ಮೊದಲಿನಿಂದ ಹೀಗಿರಲಿಲ್ಲ. ನಾನು ಸಣ್ಣವಳಿದ್ದಾಗ ಪಪ್ಪ ಫ್ಯಾಕ್ಟರಿಗಳಿಗೆ ಕರೆಂಟಿನ ಕೆಲಸ ಮಾಡಿಕೊಡುವ ಒಂದು ಕಂಪನಿಯಲ್ಲಿ ಫೋರ್‌ಮನ್ ಆಗಿದ್ದರು. ಆಗ ನಮ್ಮ ಮನೆಯಲ್ಲಿ ಶುಕ್ರವಾರವೆಂದರೆ ಹಬ್ಬ. ಅವರ ಜೊತೆ ಕೆಲಸ ಮಾಡುತ್ತಿದ್ದ ಇಸ್ಮಾಯಿಲ್ ಕಾಕ ನಮಾಜು ಮುಗಿಸಿ ಊಟಕ್ಕೆ ಬರುತ್ತಿದ್ದರು. ಸುರತ್ಕಲ್ ಕಡೆಯ ಬ್ಯಾರಿ. ಹೆಂಡತಿ ಮಕ್ಕಳು ಊರಲ್ಲಿ, ಇಲ್ಲಿ ಅವರಿಗಿದ್ದುದು ಕಂಪನಿ ಕ್ಯಾಂಪಿನ ಒಂದು ಮಂಚ. ಅಮ್ಮ ಮಾಡಿದ ಬೂತಾಯಿ ಮೀನಿನ ಗಸಿಯನ್ನು ಬೆರಳು ನೆಕ್ಕಿ ಉಣ್ಣುತ್ತ, ಇದಕ್ಕೆ ಪತ್ತಿರ್ ಇದ್ದಿದ್ದರೆ ಎಂದು ಪ್ರತಿ ವಾರವೂ ಹೇಳುವುದು, ಒಂದು ವಾರ ಕ್ಯಾಂಪಿನ ಅಡುಗೆಯವನ ಕೈಯಲ್ಲಿ ಆ ಅಕ್ಕಿರೊಟ್ಟಿ ಮಾಡಿಸಿ ತಾವೇ ತಂದುಬಿಡುವುದು. ಊಟವಾದ ಮೇಲೆ ಜೇಬಿನಿಂದ ತಂತಿಯ ತುಂಡುಗಳನ್ನು ತೆಗೆದು ನನ್ನ ಮುಂದೆ ಹರಡುತ್ತಿದ್ದರು. ಕೆಂಪು, ಹಳದಿ, ನೀಲಿ ಮೂರೂ ಕಚ್ಚುವ ಹಾವುಗಳು. ಕಪ್ಪು, ನೋಡಲಿಕ್ಕೆ ಸಾಧು, ಆದರೆ ನಂಬಬಾರದು. ಹಸಿರಿನ ಮೇಲೆ ಹಳದಿ ಗೆರೆ ಇದ್ದದ್ದು ಅರ್ಥಿಂಗಿನ ತಂತಿ, ತಪ್ಪಿಹೋದ ಕರೆಂಟನ್ನು ಹಿಡಿದು ಮಣ್ಣಿಗೆ ಕಳಿಸುವಂಥದು.

"ಶೇಖರಣ್ಣ, ನಿಮ್ಮ ಮಗಳಿಗೆ ಶಾಲೆ ಬೇಡ. ನನ್ನ ಹತ್ರ ಬಿಡಿ. ಆರು ತಿಂಗಳಲ್ಲಿ ಟ್ರೇ ಕಟ್ಟುದು ಕಲಿಸ್ತೇನೆ."

ಟ್ರೇ ಎಂದರೆ ಏನೆಂದು ನನಗೆ ಗೊತ್ತಿತ್ತು. ನಮ್ಮ ಕಟ್ಟಡದ ಮೆಟ್ಟಿಲಿನ ಪಕ್ಕದಲ್ಲೇ ಒಂದಿತ್ತು. ತೂತು ತೂತಿನ ತಗಡಿನ ಉದ್ದನೆಯ ತಟ್ಟೆ, ಏಣಿಯ ಹಾಗೆ ಗೋಡೆಗೆ ಆನಿಸಿಕೊಂಡು ಟೆರೇಸಿನಿಂದ ಕೆಳಗಿನ ದೊಡ್ಡ ಪೆಟ್ಟಿಗೆಯ ತನಕ ಇಳಿದಿತ್ತು. ಅದರೊಳಗೆ ಕೇಬಲ್ಲುಗಳು ಹಾಸಿ ಮಲಗಿದ್ದವು. ಪ್ರತಿ ಬೇಸಿಗೆಗೂ ಯಾರಾದರೂ ಹೊಸ ಎ.ಸಿ. ಹಾಕಿಸುತ್ತಿದ್ದರು, ಆಗ ಇನ್ನೊಂದು ಕೇಬಲ್ಲು ಅದರ ಮೇಲೆ ಬಂದು ಬೀಳುತ್ತಿತ್ತು. ಮೆಟ್ಟಿಲಿನ ಕಬ್ಬಿಣದ ಕಂಬಿಗೆ ತಾಗಿಕೊಂಡೇ ಆ ತಟ್ಟೆ ಹೋಗುತ್ತಿದ್ದುದರಿಂದ, ಮೇಲೆ ಕೆಳಗೆ ಓಡಾಡುವಾಗ ನಾವು ಮಕ್ಕಳು ಅದನ್ನು ಬೆರಳಿನಿಂದ ಟರ್ರೆಂದು ಬಾರಿಸಿಕೊಂಡು ಹೋಗುತ್ತಿದ್ದೆವು.

ಒಂದು ದಿನ ಪಪ್ಪ ಮಧ್ಯಾಹ್ನವೇ ಮನೆಗೆ ಬಂದರು. ಅವರ ಅಂಗಿಯ ಎರಡೂ ತೋಳಿಗೆ ರಟ್ಟಿನ ಧೂಳು ಮೆತ್ತಿತ್ತು, ಒಂದು ಅಂಗೈ ಸಿಗಿದು ರಕ್ತ ಒಣಗಿತ್ತು. ಅಮ್ಮ ಏನಾಯಿತೆಂದು ಕೇಳಿದಳು. ಇಸ್ಮಾಯಿಲ್ ಹೋದ ಎಂದರು. ಊರಿಗೆ ಎಂದುಕೊಂಡ ಅಮ್ಮ, ಹೇಳದೆ ಕೇಳದೆ ಹೇಗೆ ಹೋದರು ಎಂದಳು. ಪಪ್ಪ ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟರು. ಆಮೇಲೆ ಅಮ್ಮನಿಗೆ ಅರ್ಥವಾಯಿತು. ನನ್ನನ್ನು ಮತ್ತು ತಮ್ಮ ಸಂತುವನ್ನು ಒಳಗೆ ದೂಡಿ ಕೋಣೆಯ ಬಾಗಿಲು ಹಾಕಿದಳು.

ನಡೆದದ್ದು ಏನೆಂದು ತಿಳಿದದ್ದು ಎಷ್ಟೋ ದಿನ ಕಳೆದ ಮೇಲೆ. ಮೇಲಿನ ಮಹಡಿಯ ಲಾರೆನ್ಸ್ ಅಂಕಲ್ ಬಂದು ಕೂತಿದ್ದ ಒಂದು ಸಂಜೆ ಪಪ್ಪ ತಾನಾಗಿಯೇ ಬಾಯಿ ಬಿಟ್ಟರು. ಫ್ಯಾಕ್ಟರಿಯೊಂದರಲ್ಲಿ ಹಳೆಯ ಟ್ರೇಗೆ ಹೊಸ ತುಂಡು ಜೋಡಿಸುವ ಕೆಲಸ. ಕರೆಂಟು ತೆಗೆದೇ ಕೆಲಸ ಶುರುಮಾಡಿದ್ದರು. ಊಟದ ಹೊತ್ತಿನಲ್ಲಿ ಯಾರೋ ಬ್ರೇಕರ್ ಸ್ವಿಚ್ಚು ಮೇಲಕ್ಕೆತ್ತಿ ಕರೆಂಟು ಕೊಟ್ಟಿದ್ದರು. ಅದಕ್ಕೆ ಬೀಗ ಹಾಕಿರಲಿಲ್ಲ. ಕೊಯ್ದು ಉಜ್ಜದೆ ಬಿಟ್ಟಿದ್ದ ತಗಡಿನ ಅಂಚಿನ ಮೇಲೆ ಹಳೆಯ ಕೇಬಲ್ಲನ್ನು ಎಂದೋ ಎಳೆದದ್ದರಿಂದ ಅದರ ಸಿಪ್ಪೆ ಕಿತ್ತುಹೋಗಿತ್ತು, ಟ್ರೇಯ ತುಂಡಿನಿಂದ ತುಂಡಿಗೆ ಅರ್ಥಿಂಗು ಕೂಡಿಸಿರಲಿಲ್ಲ. ಏಣಿ ಹತ್ತಿದ ಇಸ್ಮಾಯಿಲ್ ಕಾಕ ಟ್ರೇಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಹಿಡಿದದ್ದನ್ನು ಬಿಡಲಾಗಲಿಲ್ಲ. ಮುಟ್ಟಿದರೆ ತಾನೂ ಉಳಿಯುವುದಿಲ್ಲವೆಂದು ಗೊತ್ತಿದ್ದ ಪಪ್ಪ ಡಿ.ಬಿ.ಯ ಕಡೆ ಓಡಿದರು. ಊಟದ ಹೊತ್ತು ಕಳೆಯುವುದರೊಳಗೆ ಅದರ ಎದುರಿಗೆ ಆಳೆತ್ತರ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿಟ್ಟಿದ್ದರು.

"ಒಂದೊಂದೇ ಎಳೆದು ಬಿಸಾಡಿದೆ, ಲಾರೆನ್ಸ್. ಎಲ್ಲಾ ಭಾರ. ಡಿ.ಬಿ. ಬಾಗಿಲು ತೆಗಿಲಿಕ್ಕೆ ಆಗುವಾಗ ಅವ ಆಗ್ಲೇ ಕೆಳಗೆ ಬಿದ್ದಾಗಿತ್ತು."

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅಂದಿನಿಂದ ಅಕ್ಕಿ ಗೋಣಿಯ ಜಗಳ ನಿಂತಿತು. ಆ ಮೂಲೆಯನ್ನು ದಿನಕ್ಕೊಮ್ಮೆ ಅವಳೇ ಗುಡಿಸಿ ಒರೆಸುತ್ತಿದ್ದಳು.

ಜಗಳದ ಜಾಗಕ್ಕೆ ಹೆದರಿಕೆ ಬಂತು. ತುಳುವಿನಲ್ಲಿ ಅದಕ್ಕೆ ಪೋಡಿಗೆ ಎನ್ನುತ್ತಾರೆ. ಪಪ್ಪನಿಗೆ ಪೋಡಿಗೆ ಹಿಡಿದಿದೆ ಎಂದು ಅಮ್ಮ ಲಾರೆನ್ಸ್ ಅಂಕಲ್ಲರ ಹೆಂಡತಿ ಫಿಲೋಮಿನಾ ಆಂಟಿಯ ಹತ್ತಿರ ಹೇಳುವುದನ್ನು ಕೇಳಿದ ಸಂತು, ಪಪ್ಪನಿಗೆ ಮಾತ್ರ ಯಾಕೆ, ನನಗೂ ಪೋಡಿ ಬೇಕು ಎಂದು ಅತ್ತಿದ್ದ. ಪೋಡಿಯೆಂದರೆ ಅವನಿಗೆ ಬಾಳೆಕಾಯಿಯದೋ ನೀರುಳ್ಳಿಯದೋ ಬಜ್ಜಿ. ಅಮ್ಮ ಅತ್ತ ನಗಲೂ ಆಗದೆ ಇತ್ತ ಅಳಲೂ ಆಗದೆ ಅವನಿಗೆ ಪೋಡಿ ಕರಿದುಕೊಟ್ಟಳು. ಪಪ್ಪ ಕಂಪನಿಯಲ್ಲಿ ತಾವೇ ಕೇಳಿಕೊಂಡು ಸ್ಟೋರಿನ ಕೆಲಸಕ್ಕೆ ಹೋದರು. ಸ್ಕ್ರೂ, ಕ್ಲಿಪ್ಪು, ಕೇಬಲ್ಲಿನ ಡ್ರಮ್ಮು ಎಣಿಸಿಕೊಡುವ ಕೆಲಸ. ಟೆಸ್ಟರನ್ನು ಜೇಬಿನಿಂದ ತೆಗೆದು ಕಪಾಟಿನಲ್ಲಿಟ್ಟರು. ನಮ್ಮ ಮನೆಯ ಬಲ್ಬು ಹೋದರೂ ಬದಲಾಯಿಸುವವರು ಲಾರೆನ್ಸ್ ಅಂಕಲ್. ಅವರಿಗೆ ಬ್ಯಾಂಕಿನಲ್ಲಿ ಕೆಲಸ, ಬಲ್ಬು ತಿರುಗಿಸುವುದಕ್ಕಿಂತ ಹೆಚ್ಚೇನೂ ಗೊತ್ತಿರಲಿಲ್ಲ. ಅವರು ಸ್ಟೂಲು ಹತ್ತಿದರೆ ಪಪ್ಪ ಕೋಣೆಗೆ ಹೋಗಿ ನಿಲ್ಲುತ್ತಿದ್ದರು.

ನಮಗೆ ನಿಯಮಗಳು ಬಂದವು. ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಬಾರದು. ಬರಿಗಾಲಲ್ಲಿ ಫ್ರಿಜ್ಜು ತೆಗೆಯಬಾರದು. ಮೆಟ್ಟಿಲಿನ ಟ್ರೇಯನ್ನು ಮುಟ್ಟಿದರೆ ಪೆಟ್ಟು. ಶುಕ್ರವಾರ ಬೆಳಿಗ್ಗೆ ಸ್ನಾನವಾದ ಮೇಲೆ ಪಪ್ಪ ರಬ್ಬರ್ ಚಪ್ಪಲಿ ಹಾಕಿಕೊಂಡು ಡಿ.ಬಿ.ಯ ಮುಂದೆ ನಿಲ್ಲುತ್ತಿದ್ದರು. ಕರೆಂಟು ದಾರಿ ತಪ್ಪಿದರೆ ತಾನಾಗಿ ಬೀಳುವ ಒಂದು ಸ್ವಿಚ್ಚು ಅದರಲ್ಲಿತ್ತು. ಅದರ ಪುಟ್ಟ ಗುಂಡಿಯನ್ನು ಒತ್ತಿ, ಅದು ಬೀಳುತ್ತದೋ ಇಲ್ಲವೋ ಎಂದು ನೋಡುವುದು. ಅದೊಂದನ್ನು ಮಾತ್ರ ಅವರು ಬಿಟ್ಟಿರಲಿಲ್ಲ. ಒತ್ತುವ ಮೊದಲು ನಮ್ಮಿಬ್ಬರನ್ನೂ ಮರದ ಮಂಚದ ಮೇಲೆ ಹತ್ತಿಸುತ್ತಿದ್ದರು. ಟಕ್ಕೆಂದು ಸದ್ದಾಗಿ ಫ್ಯಾನು, ಎ.ಸಿ., ಫ್ರಿಜ್ಜು ಎಲ್ಲ ಒಟ್ಟಿಗೆ ಸುಮ್ಮನಾಗುತ್ತಿದ್ದವು. ಆ ಮೌನ ನನಗೆ ಬೇಡವಾಗಿತ್ತು. ಪಪ್ಪನ ಬೆನ್ನನ್ನೇ ನೋಡುತ್ತಿರುತ್ತಿದ್ದೆ, ಅದು ಅಲುಗಾಡಿದರೆ ಮಾತ್ರ ಉಸಿರು. ಹೆದರಿಕೆಯನ್ನು ನಾನು ಹಾಗೆ, ಊಟ ಕಲಿತ ಹಾಗೆ, ಸ್ನಾನ ಕಲಿತ ಹಾಗೆ ಕಲಿತೆ. ಶಾಲೆಯ ಫ್ಯಾನಿನ ಕೆಳಗೆ ಕೂರುತ್ತಿರಲಿಲ್ಲ. ಗೆಳತಿಯರ ಮನೆಯಲ್ಲಿ ಕಾಲಿಂಗ್ ಬೆಲ್ ಒತ್ತದೆ ಬಾಗಿಲು ತಟ್ಟುತ್ತಿದ್ದೆ.

ಮಸ್ಕತ್ತಿನಲ್ಲಿ ಮಳೆ ಬರುವುದು ಅಪರೂಪ, ಬಂದರೆ ಗುಡ್ಡದ ನೀರೆಲ್ಲ ಒಮ್ಮೆಗೇ ಬೀದಿಗೆ ಇಳಿಯುತ್ತದೆ. ಅಂಥದೊಂದು ಚಳಿಗಾಲದ ಮಧ್ಯಾಹ್ನ ನಾನು ಶಾಲೆಯಿಂದ ಬಂದು ಉಂಡು ಕಿಟಕಿಯಲ್ಲಿ ನಿಂತಿದ್ದೆ. ಎದುರಿನ ಬೋಳು ಗುಡ್ಡ ಕಪ್ಪಾಗಿ, ಅದರ ಮೈಮೇಲೆಲ್ಲ ನೀರು ಹಗ್ಗದ ಹಾಗೆ ಇಳಿಯತೊಡಗಿತು. ಅಮ್ಮನಿಗೆ ಊರು ನೆನಪಾಗಿ ಖುಷಿಯಾಗಿತ್ತು. ಸ್ವಲ್ಪ ಹೊತ್ತಿನಲ್ಲಿ ಬೀದಿಯ ನೀರು ನಮ್ಮ ಕಟ್ಟಡದ ಹೊಸ್ತಿಲು ಹತ್ತಿತು. ಟೆರೇಸಿನಿಂದಲೂ ನೀರು ಬರುತ್ತಿತ್ತು. ಅದು ಮೆಟ್ಟಿಲಿಗಿಂತ ಹೆಚ್ಚಾಗಿ ಟ್ರೇಯೊಳಗೆ, ಕೇಬಲ್ಲುಗಳ ಸಂದಿಯಲ್ಲಿ ತೋಡಿನ ಹಾಗೆ ಹರಿದು ಕೆಳಗಿನ ಪೆಟ್ಟಿಗೆಯ ನೆತ್ತಿಗೇ ಸುರಿಯುತ್ತಿತ್ತು. ಮೆಟ್ಟಿಲಿಳಿದು ಬಂದ ನೀರು ನಮ್ಮ ಬಾಗಿಲಿಗೂ ಬಂತೆಂದು ಅಮ್ಮ ಬಟ್ಟೆ, ಬಾಲ್ದಿ ಹಿಡಿದು ಹೊರಗೆ ಹೋದಳು. ನಾನು ಹಿಂದೆಯೇ ಹೋದೆ. ಬಗ್ಗಿದ್ದವಳು ಏಳುವಾಗ ಕಂಬಿಗೆ ಕೈ ಕೊಟ್ಟಳು. ಕೊಟ್ಟ ಕೈಯನ್ನು ಹಿಂದಕ್ಕೆ ಎಸೆದಂತೆ ಎಳೆದುಕೊಂಡಳು, ಬಾಲ್ದಿ ಉರುಳಿತು.

"ಒಳಗೆ ಹೋಗು ವಾಣಿ. ಏನನ್ನೂ ಮುಟ್ಬೇಡ, ಗೋಡೆ ಸಹ ಮುಟ್ಬೇಡ."

ಅವಳ ಮುಖ ನಾನು ಅದುವರೆಗೆ ಕಂಡ ಮುಖವಾಗಿರಲಿಲ್ಲ. ಒಳಗೆ ಬಂದವಳು ಕೈಯನ್ನು ಸೆರಗಿನಿಂದ ಒರೆಸಿಕೊಂಡಳು, ಇನ್ನೊಂದು ಒಣ ಟವೆಲಿನಿಂದ ಮತ್ತೆ ಒರೆಸಿಕೊಂಡಳು, ಪಪ್ಪನ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಡಿ.ಬಿ.ಯ ಮೆಯಿನ್ ಸ್ವಿಚ್ಚು ಕೆಳಗೆ ಮಾಡಿದಳು. ನಮ್ಮನ್ನು ಮಂಚಕ್ಕೆ ಹತ್ತಿಸಿದಳು. ಆಗ ಕೆಳಗಿನಿಂದ ಆ ಸದ್ದು ಬಂತು. ಎಣ್ಣೆಗೆ ನೀರು ಬಿದ್ದಂತೆ ಚಟಚಟ, ನಿಲ್ಲುವುದು, ಮತ್ತೆ ಚಟಚಟ. ಸುಟ್ಟ ರಬ್ಬರಿನ ವಾಸನೆ ಬಾಗಿಲ ಸಂದಿಯಿಂದ ಒಳಗೆ ಬಂತು. ಮೇಲಿನ ಮನೆಯಿಂದ ಫಿಲೋಮಿನಾ ಆಂಟಿ ಕೂಗುತ್ತಿದ್ದರು. ಅವರ ಮಗುವಿಗೆ ಇನ್ನೂ ತಿಂಗಳು ತುಂಬಿರಲಿಲ್ಲ. ಹೊಗೆ ಬರ್ತಾ ಉಂಟು, ಮಗುವನ್ನು ಹಿಡ್ಕೊಂಡು ಕೆಳಗೆ ಬರ್ತೇನೆ ಎನ್ನುತ್ತಿದ್ದರು. ಅಮ್ಮ ಅಡುಗೆಮನೆಯ ಕಿಟಕಿಯಿಂದ ತಲೆ ಹೊರಗೆ ಹಾಕಿ, ಮಳೆಯಲ್ಲಿ ನೆನೆಯುತ್ತ, ಮೇಲಕ್ಕೆ ಮುಖ ಮಾಡಿ ಹೇಳಿದಳು.

"ಬರ್ಬೇಡ ಫಿಲೋಮಿನಾ. ಮೆಟ್ಟಿಲಲ್ಲಿ ಕರೆಂಟ್ ಉಂಟು. ಬಾಗಿಲು ಹಾಕು, ಕಿಟಕಿ ತೆಗಿ, ಹಾಸಿಗೆ ಮೇಲೆ ಕೂತ್ಕೊ. ಮಗುವಿಗೆ ಹಾಲು ಕೊಡು. ನಾನು ಇಲ್ಲೇ ಇದ್ದೇನೆ, ಮಾತಾಡ್ತಾ ಇರ್ತೇನೆ."

ಪಪ್ಪನ ಕಂಪನಿಗೆ ಫೋನು ಮಾಡಿದರೆ, ಮಳೆಯೆಂದು ಎಲ್ಲರನ್ನೂ ಬೇಗ ಬಿಟ್ಟಿದ್ದಾರೆ, ಶೇಖರ್ ಹೊರಟಾಗಿದೆ ಎಂದರು. ಅಮ್ಮನಿಗೆ ನಿಜವಾದ ನಡುಕ ಹುಟ್ಟಿದ್ದು ಆಗ. ಪಪ್ಪ ಬಂದು ನೇರ ಮೆಟ್ಟಿಲಿಗೆ ಕಾಲಿಟ್ಟರೆ ಎಂಬುದು. ಅವಳು ಚಾವಡಿಯ ಕಿಟಕಿಗೆ ನನ್ನನ್ನು ನಿಲ್ಲಿಸಿದಳು, ಮಂಚದ ಮೇಲಿದ್ದ ಸಂತುವಿಗೆ ಕೆಳಗಿನದು ಕಾಣದ ಹಾಗೆ ಕೋಣೆಯ ಕಿಟಕಿಯ ಪರದೆ ಎಳೆದಳು, ತಾನು ಅಡುಗೆಮನೆಗೂ ಇಲ್ಲಿಗೂ ಓಡಾಡುತ್ತ ಮೇಲಿನವರ ಜೊತೆ ಮಾತಾಡುತ್ತಿದ್ದಳು. ಯಾರು ಕಟ್ಟಡದ ಕಡೆ ಬಂದರೂ ಕೂಗಬೇಕೆಂದು ನನಗೆ ಹೇಳಿದ್ದಳು. ನಾತೂರ್, ಎಂದರೆ ನಮ್ಮ ಕಟ್ಟಡದ ಕಾವಲಿನವನು, ಪ್ಯಾಂಟು ಮಡಿಸಿಕೊಂಡು ಬಂದ. ಒಳಗೆ ಹೋಗಿ ಮೆಯಿನ್ ತೆಗೆಯುತ್ತೇನೆ ಎಂದ. ನನಗೆ ಹಿಂದಿ ನೆಟ್ಟಗೆ ಬರುತ್ತಿರಲಿಲ್ಲ. "ಮತ್ ಜಾವೊ, ಮತ್ ಜಾವೊ" ಎಂದಷ್ಟೇ ಕಿರುಚಿದೆ. ಅವನು ನಿಂತು, ನನ್ನನ್ನು ನೋಡಿ, ಪಕ್ಕದ ಕೆಫೆಟೇರಿಯದ ಜಗಲಿಗೆ ಹಿಂದಿರುಗಿದ.

ಪಪ್ಪ ಬಂದದ್ದು ಕಂಪನಿಯ ಪಿಕಪ್ಪಿನಲ್ಲಿ. ಇಳಿದು, ಬ್ಯಾಗು ತಲೆಯ ಮೇಲೆ ಹಿಡಿದು ಓಡಿಬರುತ್ತಿದ್ದರು. ನಾನು ಕೂಗಿದ್ದು ಮಳೆಯಲ್ಲಿ ಅವರಿಗೆ ಕೇಳಿಸಲಿಲ್ಲ. ಅಮ್ಮ ಬಂದು ನನ್ನನ್ನು ಪಕ್ಕಕ್ಕೆ ಸರಿಸಿ, ಮದುವೆಯಾದಂದಿನಿಂದ ಎಂದೂ ಕರೆಯದ ಹೆಸರನ್ನು ಹಿಡಿದು ಕರೆದಳು.

"ಶೇಖರ, ನಿಲ್ಲಿ. ಕಂಬಿಯಲ್ಲಿ ಕರೆಂಟ್ ಬರ್ತಾ ಉಂಟು. ನನ್ನ ಕೈಗೆ ಹೊಡೀತು."

ಅವರು ನಿಂತರು. ಬ್ಯಾಗು ಕೆಳಗೆ ಬಿತ್ತು. ಅವರ ಮುಂದೆ ಕೆಲವೇ ಹೆಜ್ಜೆಯಾಚೆ ಬೀದಿಯ ನೀರೂ ಮೆಟ್ಟಿಲಿನ ನೀರೂ ಕೂಡಿಕೊಂಡಿದ್ದವು. ಮಕ್ಕಳಿಬ್ಬರೂ ಹುಷಾರಾಗಿದ್ದಾರೆ, ಮನೆಯ ಮೆಯಿನ್ ತೆಗೆದಿದ್ದೇನೆ ಎಂದಳು ಅಮ್ಮ. ಪಪ್ಪ ತಲೆಯಾಡಿಸುತ್ತಲೇ ಇದ್ದರು. ಹಾಗೇ ಹಿಂದಕ್ಕೆ ಹಿಂದಕ್ಕೆ ನಡೆದು, ಕೆಫೆಟೇರಿಯದಿಂದ ಕರೆಂಟ್ ಆಫೀಸಿಗೆ ಫೋನು ಮಾಡಿ ಬಂದು, ಕಟ್ಟಡದ ಎದುರು ನೀರು ಹತ್ತದ ಎತ್ತರದ ಜಾಗದಲ್ಲಿ ಎರಡೂ ಕೈ ಚಾಚಿ ನಿಂತರು. ಆಫೀಸು ಅಂಗಡಿ ಬಿಟ್ಟು ಬರುವವರನ್ನೆಲ್ಲ ತಡೆದರು. ಕೆಲವರು ಬೈದರು. ಒಬ್ಬರು, ನೀನು ಸ್ಟೋರ್‌ಕೀಪರ್ ಅಲ್ಲವಾ, ನಿನಗೇನು ಗೊತ್ತು ಎಂದರು. ಪಪ್ಪ ಚಾಚಿದ ಕೈ ಇಳಿಸಲಿಲ್ಲ.

ಆಮೇಲೆ ಲಾರೆನ್ಸ್ ಅಂಕಲ್ ಬಂದರು. ಮೇಲೆ ಹೆಂಡತಿ ಅಳುವುದು ಅವರಿಗೆ ಕೇಳಿಸಿತು, ಮೆಟ್ಟಿಲ ಕಡೆಯ ಕಿಟಕಿಯಿಂದ ಹೊಗೆ ಬರುವುದು ಕಾಣಿಸಿತು. ಮತ್ತೆ ಯಾರ ಮಾತು ಕೇಳುತ್ತಾರೆ.

"ಶೇಖರ್, ಬಿಡು ನನ್ನನ್ನು. ನನ್ನ ಮಗು ಉಂಟು ಅಲ್ಲಿ."

"ನನ್ನ ಎರಡು ಮಕ್ಕಳು ಸಹ ಅಲ್ಲೇ ಉಂಟು."

"ನಿನಗೆ ಹೆದರಿಕೆ. ಎಲ್ಲರಿಗೂ ಗೊತ್ತುಂಟು ನಿನಗೆ ಹೆದರಿಕೆ ಅಂತ. ನನಗೆ ಇಲ್ಲ."

ಅವರು ಪಪ್ಪನನ್ನು ದೂಡಿದರು. ಪಪ್ಪ ಬಿದ್ದು ಎದ್ದು, ಹಿಂದಿನಿಂದ ಅವರ ನಡು ಹಿಡಿದರು. ಲಾರೆನ್ಸ್ ಅಂಕಲ್ ಎತ್ತರದ ಆಳು, ಪಪ್ಪನನ್ನು ಎಳೆದುಕೊಂಡೇ ನೀರಿನ ಅಂಚಿಗೆ ಬಂದರು, ತಿರುಗಿ ಮುಖಕ್ಕೆ ಹೊಡೆದರು. ಪಪ್ಪ ಬಿಡಲಿಲ್ಲ. ಆಗ ಅವರ ಬಾಯಿಂದ ಬಂದ ಮಾತು ಕಿಟಕಿಯ ತನಕ ಕೇಳಿತು.

"ಬೇಡ ಇಸ್ಮಾಯಿಲ್. ಮುಟ್ಬೇಡ ಇಸ್ಮಾಯಿಲ್."

ಲಾರೆನ್ಸ್ ಅಂಕಲ್ ನಿಂತುಬಿಟ್ಟರು. ಎತ್ತಿದ ಕೈ ಹಾಗೇ ಇತ್ತು. ಪಪ್ಪ ಅವರ ಬೆನ್ನಿಗೆ ಮುಖ ಒತ್ತಿ ಅಳುತ್ತಿದ್ದರು. ಅಮ್ಮ ನನ್ನ ಕಣ್ಣು ಮುಚ್ಚಲು ಬಂದವಳು ಮುಚ್ಚದೆ ನನ್ನ ತಲೆಯ ಮೇಲೆ ಕೈಯಿಟ್ಟು ನಿಂತಳು. ಆ ಇಬ್ಬರು ಗಂಡಸರು ಒಬ್ಬರನ್ನೊಬ್ಬರು ಹಿಡಿದುಕೊಂಡು ಹಿಂದೆ ಬಂದರು, ಎತ್ತರದ ಜಾಗದಲ್ಲಿ ಕೂತರು. ಅಮ್ಮ ಹೇಳಿದ ಮೇಲೆ ಫಿಲೋಮಿನಾ ಆಂಟಿ ತಮ್ಮ ಕಿಟಕಿಯಿಂದ ಕೆಳಗೆ ಕೂಗಿ ಹೇಳಿದರು, ಮಗು ಮಲಗಿದೆ, ನೀವು ಬರಬೇಡಿ ಎಂದು.

ಕರೆಂಟ್ ಆಫೀಸಿನ ಗಾಡಿ ಬಂತು. ಅದರಲ್ಲಿದ್ದ ಒಮಾನಿ ಮನುಷ್ಯ ಮೊಣಕಾಲುದ್ದದ ಬೂಟು, ದಪ್ಪ ಕೈಗವಸು ಹಾಕಿ, ಉದ್ದನೆಯ ಕೋಲಿನ ತುದಿಯಲ್ಲಿದ್ದ ಟೆಸ್ಟರನ್ನು ಹೊಸ್ತಿಲಾಚೆಯಿಂದಲೇ ಕಂಬಿಗೆ ಮುಟ್ಟಿಸಿದ. ದೀಪ ಹತ್ತಿಕೊಂಡಿತು. ಜಗಲಿಯ ಮೇಲೆ ಬೈಯುತ್ತಿದ್ದವರು ಒಂದೊಂದು ಹೆಜ್ಜೆ ಹಿಂದೆ ಸರಿದರು. ಅವನು ಹೋಗಿ ಬೀದಿ ಬದಿಯ ಪೆಟ್ಟಿಗೆಯಿಂದ ನಮ್ಮ ಕಟ್ಟಡದ ಕರೆಂಟು ತೆಗೆದು, ಬಂದು ಮತ್ತೆ ಮುಟ್ಟಿಸಿ ನೋಡಿದ. "ಖಲಾಸ್, ಅಬ್ ಜಾವೊ" ಎಂದ. ಲಾರೆನ್ಸ್ ಅಂಕಲ್ ಮೆಟ್ಟಿಲನ್ನು ಹಾರಿಕೊಂಡು ಹೋದರು. ಪಪ್ಪ ಎಲ್ಲರಿಗಿಂತ ಕೊನೆಯಲ್ಲಿ, ಮೆಟ್ಟಿಲಿನ ನಡುವಿನಲ್ಲಿ, ಎರಡೂ ಕೈ ಮೈಗಂಟಿಸಿಕೊಂಡು ಬಂದರು. ಅವರ ತುಟಿ ಒಡೆದಿತ್ತು. ನಮ್ಮನ್ನು ಎತ್ತಿಕೊಳ್ಳುವ ಮೊದಲು ಅಮ್ಮನ ಬಲಗೈ ತೆಗೆದುಕೊಂಡು ಬೆರಳು ಬೆರಳನ್ನೂ ಬಿಡಿಸಿ ನೋಡಿದರು.

ಕಟ್ಟಡದ ಮಾಲೀಕರು ವಯಸ್ಸಾದ ಒಮಾನಿ, ಎಲ್ಲರೂ ಅರ್ಬಾಬ್ ಎಂದು ಕರೆಯುತ್ತಿದ್ದರು. ಮಾರನೆಯ ದಿನ ಯಾರೋ ಇಬ್ಬರು ಕೆಲಸದವರನ್ನು ಕಳಿಸಿದರು. ಅವರು ಪೆಟ್ಟಿಗೆಯನ್ನು ಬಟ್ಟೆಯಿಂದ ಒರೆಸಿ, ಬಿಸಿಗಾಳಿ ಹಾಯಿಸಿ, ಸಂಜೆಗೆ ಕರೆಂಟು ಕೊಡುತ್ತೇವೆ ಎಂದರು. ಪಪ್ಪ ಕೆಳಗೆ ಹೋಗಿ ನೋಡಿ ಅರ್ಬಾಬರಿಗೆ ಫೋನು ಮಾಡಿದರು, ಇದು ಹೀಗೆ ಒಣಗಿಸಿದರೆ ಮುಗಿಯುವುದಲ್ಲ, ಮುಂದಿನ ಮಳೆಗೆ ಮತ್ತೆ ಇದೇ ಆಗುತ್ತದೆ ಎಂದರು. ಆಚೆಯಿಂದ ಅರ್ಬಾಬ್ ಹಿಂದಿಯಲ್ಲಿ, ಹಾಗಾದರೆ ನೀನೇ ಮಾಡಿಸು ಶೇಖರ್, ನಿನ್ನ ಕಂಪನಿಗೆ ನಾನು ಹೇಳುತ್ತೇನೆ ಎಂದರಂತೆ. ಫೋನು ಇಟ್ಟ ಪಪ್ಪ ಅಂದು ಊಟ ಮಾಡಲಿಲ್ಲ. ಮೇಣದ ಬತ್ತಿಯ ಬೆಳಕಿನಲ್ಲಿ ಅಮ್ಮ ಗಂಜಿ ಬಡಿಸಿ ಕಾದಳು.

"ನಿಮಗೆ ಆಗದಿದ್ರೆ ಬೇಡ. ಬೇರೆ ಯಾರಾದ್ರೂ ಮಾಡ್ಲಿ. ಯಾರೂ ಏನೂ ಹೇಳ್ಲಿಕ್ಕಿಲ್ಲ."

"ಬೇರೆಯವ ಮಾಡಿದ್ರೆ ಸರಿ ಮಾಡಿದ್ದಾನಾ ಅಂತ ನಂಗೆ ಹೇಗೆ ಗೊತ್ತಾಗ್ಬೇಕು? ಆಮೇಲೆ ಈ ಮಕ್ಕಳನ್ನು ಆ ಮೆಟ್ಟಿಲಲ್ಲಿ ಹೇಗೆ ಕಳಿಸುದು?"

ಶುಕ್ರವಾರ ಕಂಪನಿಯ ಇಬ್ಬರು ಬಂದರು. ಬೀದಿ ಬದಿಯ ಪೆಟ್ಟಿಗೆಯಲ್ಲಿ ಕರೆಂಟು ತೆಗೆದದ್ದಕ್ಕೆ ಕರೆಂಟ್ ಆಫೀಸಿನವರ ಬೀಗದ ಜೊತೆ ಪಪ್ಪ ತಮ್ಮದೂ ಒಂದು ಬೀಗ ಹಾಕಿ, ಕೀಲಿಯನ್ನು ಜೇಬಿನಲ್ಲಿಟ್ಟು, ಜೇಬಿನ ಗುಂಡಿ ಹಾಕಿಕೊಂಡರು. ಆದರೂ ಟೆಸ್ಟರ್ ಹಿಡಿದು ಪೆಟ್ಟಿಗೆಯ ಮುಂದೆ ನಿಂತವರಿಗೆ ಮುಚ್ಚಳಕ್ಕೆ ಕೈ ಹಾಕಲಾಗಲಿಲ್ಲ. ಮಹಡಿಮೆಟ್ಟಿಲ ಬುಡದಲ್ಲಿ ಹಗಲಲ್ಲೂ ಕತ್ತಲೆ. ಕೆಲಸದವರು ಪರಸ್ಪರ ಮುಖ ನೋಡಿಕೊಂಡರು. ಅಮ್ಮ ಮೇಲಿನಿಂದ ಇಳಿದು ಬಂದು, ಅವರಲ್ಲೊಬ್ಬನ ಕೈಯಿಂದ ಟಾರ್ಚು ತೆಗೆದುಕೊಂಡು, ಪಪ್ಪನ ಹೆಗಲ ಹತ್ತಿರ ನಿಂತು ಬೆಳಕು ಹಿಡಿದಳು. ನಾನು ನಮ್ಮ ಬಾಗಿಲಿನಿಂದ ಬಗ್ಗಿ ನೋಡುತ್ತಿದ್ದೆ. ಪಪ್ಪ ಒಂದೊಂದು ತಂತಿಗೂ ಟೆಸ್ಟರ್ ಮುಟ್ಟಿಸಿ, ಮುಟ್ಟಿಸಿದ್ದಕ್ಕೇ ಮತ್ತೆ ಮುಟ್ಟಿಸಿ, ಆಮೇಲೆ ಮೊದಲ ಸ್ಕ್ರೂ ಬಿಚ್ಚಿದರು.

ಕೆಲಸ ಇಡೀ ದಿನ ಹಿಡಿಯಿತು. ಪೆಟ್ಟಿಗೆಯ ನೆತ್ತಿಯಲ್ಲಿ ಎ.ಸಿ.ಯವರು ಕೊರೆದುಬಿಟ್ಟಿದ್ದ ತೂತುಗಳಿದ್ದವು, ನೀರು ಇಳಿದದ್ದು ಅಲ್ಲಿಂದ. ಹೊಸ ಕೇಬಲ್ಲು ತೂರಿಸಲು ಅಡ್ಡವಾಯಿತೆಂದು ಯಾರೋ ಅರ್ಥಿಂಗಿನ ತಂತಿಯನ್ನು ಕತ್ತರಿಸಿ ಗೋಡೆಗೆ ಮಡಚಿಟ್ಟಿದ್ದರು. ಹಸಿರು ಹಳದಿಯ ಆ ತುಂಡನ್ನು ಪಪ್ಪ ಎಳೆದು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ತೂತಿನ ಪೆಟ್ಟಿಗೆಯನ್ನು ತೆಗೆದುಹಾಕಿ, ನೀರು ಮುಟ್ಟದಷ್ಟು ಎತ್ತರಕ್ಕೆ ಹೊಸದನ್ನು ಕೂರಿಸಿದರು. ಕೇಬಲ್ಲುಗಳನ್ನು ಒಮ್ಮೆ ಕೆಳಗೆ ಇಳಿಸಿ, ಬಳಸಿ ತಂದು, ತಳದಿಂದ ಒಳಗೆ ಬಿಟ್ಟರು, ನೀರು ಬಂದರೂ ಆ ತಿರುವಿನಲ್ಲೇ ತೊಟ್ಟಿಕ್ಕಿ ಹೋಗುವ ಹಾಗೆ. ಬಾಯಿಗೆಲ್ಲ ಬಿಗಿಯಾದ ಬಿರಡೆ. ಟ್ರೇಯ ಪ್ರತಿ ಜೋಡಣೆಗೂ ತಾಮ್ರದ ಪಟ್ಟಿ. ಕೊಯ್ದ ಅಂಚುಗಳನ್ನು ಅರದಿಂದ ಉಜ್ಜಿ, ಬೆರಳು ಎಳೆದು ನೋಡಿ, ರಬ್ಬರು ಮುಚ್ಚಿದರು. ಕಂಬಿಯಿಂದ ಟ್ರೇಯನ್ನು ದೂರ ಸರಿಸಿ, ಅದಕ್ಕೆ ಮುಚ್ಚಳ ಹೊದಿಸಿದರು. ಜೊತೆಯ ಕೆಲಸದವನೊಬ್ಬ, ಕಟ್ಟಡಕ್ಕೆ ಇಷ್ಟೆಲ್ಲ ಯಾರೂ ಮಾಡುವುದಿಲ್ಲ ಸಾಹೇಬರೇ ಎಂದ. ಲಾರೆನ್ಸ್ ಅಂಕಲ್ ಅಲ್ಲೇ ಮೆಟ್ಟಿಲ ಮೇಲೆ ಮಗುವನ್ನು ಎತ್ತಿಕೊಂಡು ಕೂತಿದ್ದರು. ಬೆಳಿಗ್ಗೆಯಿಂದ ಆಗಾಗ ಪಪ್ಪನ ಒಡೆದ ತುಟಿಯ ಕಡೆ ನೋಡುತ್ತಿದ್ದರು.

"ಮಾಡ್ಲಿ, ಮಾಡ್ಲಿ. ಅವರು ಮಾಡುವಷ್ಟು ಮಾಡ್ಲಿ," ಎಂದರು ಅವನಿಗೆ.

ಕರೆಂಟ್ ಆಫೀಸಿನ ಮನುಷ್ಯ ಬಂದು ಪರೀಕ್ಷಿಸಿ ಒಪ್ಪಿ, ಪಪ್ಪ ತಮ್ಮ ಬೀಗ ತೆಗೆದ ಮೇಲೆ ಹೊರಗಿನ ಕರೆಂಟು ಕೊಟ್ಟ. ಇನ್ನು ಉಳಿದದ್ದು ಒಳಗಿನ ಮೆಯಿನ್ ಎತ್ತುವುದೊಂದೇ. ಪಪ್ಪ ಎಲ್ಲರನ್ನೂ ಬೀದಿಗೆ ಕಳಿಸಿದರು. ಮಕ್ಕಳು ಬಾಗಿಲ ಹತ್ತಿರ ಇರಬಾರದೆಂದು ನಮ್ಮನ್ನೂ ಕಳಿಸಿದರು. ನಾವು ಎದುರು ಜಗಲಿಯಲ್ಲಿ ನಿಂತೆವು. ಅಮ್ಮ ಮಾತ್ರ ಟಾರ್ಚು ಹಿಡಿದು ಅಲ್ಲೇ ನಿಂತಿದ್ದಳು.

"ನೀನು ಸಹ ಹೋಗು ಸುಮತಿ."

"ನಾನು ಹೋದ್ರೆ ಬೆಳಕು ಹಿಡಿಯುದು ಯಾರು?"

"ಬೆಳಕು ಬೇಡ. ಹೋಗು."

ಅವಳು ಹೋಗಲಿಲ್ಲ, ಒಂದು ಹೆಜ್ಜೆ ಹಿಂದಕ್ಕೆ ಮಾತ್ರ ಸರಿದಳು. ಪಪ್ಪ ಪಕ್ಕಕ್ಕೆ ನಿಂತು, ಮುಖ ಆಚೆ ತಿರುಗಿಸಿ, ಕಣ್ಣು ಮುಚ್ಚಿಕೊಂಡು ಮೆಯಿನ್ ಎತ್ತಿದರು. ಮೇಲೆ ಎಲ್ಲ ಮನೆಗಳ ಕಿಟಕಿಗಳಲ್ಲಿ ದೀಪಗಳು ಒಂದಾದ ಮೇಲೊಂದು ಹೊತ್ತಿಕೊಂಡವು, ಯಾರದೋ ರೇಡಿಯೋ ಹಾಡಿತು. ಬೀದಿಯಲ್ಲಿದ್ದವರು ತಮ್ಮ ತಮ್ಮ ಮನೆಗೆ ನುಗ್ಗಿದರು. ನಾನು ಓಡಿ ಬಂದಾಗ ಪಪ್ಪ ಕೆಳಗಿನ ಮೆಟ್ಟಿಲ ಮೇಲೆ ಬೆವರಿ ಒದ್ದೆಯಾಗಿ ಕೂತಿದ್ದರು, ಅಮ್ಮ ಪಕ್ಕದಲ್ಲಿ ಕೂತು ಸೆರಗಿನಿಂದ ಗಾಳಿ ಹಾಕುತ್ತಿದ್ದಳು.

"ಪೋಡಿಗೆ ಹೋಯ್ತಾ?" ಎಂದು ಕೇಳಿದಳು.

"ಇಲ್ಲ," ಎಂದರು ಪಪ್ಪ. ಮುಖ ಒರೆಸಿಕೊಂಡು, "ನಾಡಿದ್ದಿನಿಂದ ಸ್ಟೋರಿಗಲ್ಲ, ಸೈಟಿನ ಕೆಲಸಕ್ಕೆ ಹೋಗ್ತೇನೆ ಅಂತ ಕಂಪನಿಗೆ ಹೇಳ್ಬೇಕು," ಎಂದರು.

ಅಮ್ಮನ ಗಾಳಿ ಹಾಕುವ ಕೈ ನಿಂತಿತು. ಮತ್ತೆ ಬೀಸತೊಡಗಿದಳು.